ಮರೆಯ ಕೋಣೆ, ಮರೆಯ ಉಗ್ರಾಣ: ದೆಹಲಿಯ ಮನೆಗಳನ್ನು ಕುರಿತು

ದೆಹಲಿಯ ಮನೆಗಳಲ್ಲಿ ವರ್ಷಕ್ಕೆ ಎರಡಾವೃತ್ತಿ ಸಾಮಾನು ಸರಂಜಾಮುಗಳ ಅದಲುಬದಲು ನಡೆಯುತ್ತದೆ. ದೀಪಾವಳಿ ಕಳೆಯುತ್ತಲೇ ಹತ್ತಿಯ ರಜಾಯಿಗಳೂ ಉಣ್ಣೆಯ ಉಡುಪುಗಳೂ ಹೊರಕ್ಕೆ ಬರುತ್ತವೆ. ಹೋಳಿ ಮುಗಿದು ಬಿಸಿಲೇರಿದೊಡನೆ ಅವು ಒಳಕ್ಕೆ ಸರಿದು ಕೂಲರು ಪಂಖಗಳಿಗೆ ಎಡೆಮಾಡಿಕೊಡುತ್ತವೆ. ಮೈಸೂರಿನಲ್ಲೋ ಧಾರವಾಡದಲ್ಲೋ ಒಂದೊಂದು ಕಂಬಳಿಯಿಂದ ವರ್ಷವನ್ನು ಕಳೆಯುತ್ತಿದ್ದ ಕುಟುಂಬವು ಇಲ್ಲಿ ಎರಡು ಋತುಗಳ ಸಂಸಾರವನ್ನು ಹೂಡಬೇಕಾಗುತ್ತದೆ. ಕನ್ನಡಿಗರ ಮನೆಯಾದರೆ ಇದರೊಡನೆ ದಸರೆಯ ಪಟ್ಟದ ಗೊಂಬೆಗಳ ಪೆಟ್ಟಿಗೆ, ಊರಿನಿಂದ ಹೊತ್ತುತಂದ ಹಿತ್ತಾಳೆಯ ಕೊಳಗ, ಮೂರು ತಲೆಮಾರಿನ ಪುಸ್ತಕಗಳು. ವರ್ಷದಲ್ಲಿ ಹತ್ತು ದಿನ ಮಾತ್ರ ಬೆಳಕು ಕಾಣುವ ಗೊಂಬೆಗಳಿಗೆ ಉಳಿದ ಮುನ್ನೂರೈವತ್ತೈದು ದಿನ ಎಲ್ಲಿ ವಾಸವೆಂಬುದು ಸಣ್ಣ ಪ್ರಶ್ನೆಯೇನೂ ಅಲ್ಲ.

ಆದುದರಿಂದಲೇ ಹಳೆಯ ಫ್ಲ್ಯಾಟನ್ನು ಕೊಂಡು ಅದನ್ನು ಹೊಸದಾಗಿಸ ಹೊರಟವರ ಮೊದಲ ಬಯಕೆ, ಕಣ್ಣಿಗೆ ಬೀಳದ ಸ್ಥಳಗಳನ್ನು ಹೆಚ್ಚು ಮಾಡಿಕೊಳ್ಳುವುದಾಗಿರುತ್ತದೆ. ಮಂಚದ ಹೊಟ್ಟೆಯಲ್ಲಿ ಪೆಟ್ಟಿಗೆ, ಬಚ್ಚಲಿನ ನೆತ್ತಿಯ ಮೇಲೆ ದುಛತ್ತಿ, ಮೆಟ್ಟಿಲ ಕೆಳಗೆ ಕದವಿಟ್ಟ ಗೂಡು, ಪುಸ್ತಕದ ಕಪಾಟಿನಂತೆ ತೋರಿ ದೂಡಿದರೆ ಬಾಗಿಲಾಗುವ ಗೋಡೆ, ಅದರ ಹಿಂದೆ ನಾಲ್ಕಡಿ ಅಗಲದ ಕೋಣೆ. ಇವುಗಳಲ್ಲಿ ಎರಡು ಜಾತಿಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ. ವಸ್ತುಗಳು ಮಾತ್ರ ಇರುವುದು ಮರೆಯ ಉಗ್ರಾಣ; ಮನುಷ್ಯನು ಒಳಹೊಕ್ಕು ನಿಲ್ಲಬಹುದಾದುದು ಮರೆಯ ಕೋಣೆ. ಮೊದಲನೆಯದರಲ್ಲಿ ತಪ್ಪಾದರೆ ರಜಾಯಿಗೆ ಬೂಷ್ಟು ಹಿಡಿದೀತು. ಎರಡನೆಯದರಲ್ಲಿ ತಪ್ಪಾದರೆ ಪ್ರಾಣಕ್ಕೇ ಸಂಚಕಾರ ಬಂದೀತು. ದೆಹಲಿಯ ಇತ್ತೀಚಿನ ಚರಿತ್ರೆಯಲ್ಲಿ ಇದಕ್ಕೆ ನಿದರ್ಶನವಿದೆ. ಅದು ಮುಂದೆ ಬರುತ್ತದೆ.

ಬಚ್ಚಿಡುವ ಕಲೆ ಕನ್ನಡನಾಡಿಗೆ ಹೊಸತಲ್ಲ. ಗೋಡೆಯ ದಪ್ಪದಲ್ಲೇ ಕೊರೆದ ಗೂಡು, ಉತ್ತರದ ಕಡೆಯವರು ಮಾಡ ಎನ್ನುವ ಅದೇ ಗೂಡು, ತಲೆಯ ಮೇಲಿನ ನಾಗಂದಿಗೆ, ಅದಕ್ಕೂ ಮೇಲಿನ ಅಟ್ಟ, ಕಣಜ, ವಾಡೆ, ಕರಾವಳಿಯ ಪತ್ತಾಯ, ಇವೆಲ್ಲ ಮನೆಯ ದೇಹದಲ್ಲಿಯೇ ಅಡಗಿದ ಉಗ್ರಾಣಗಳು. ಆದರೆ ನಿಜವಾಗಿ ಮರೆಯಾದುದೆಂದರೆ ಹಗೇವು. ಗಟ್ಟಿಯಾದ ಗರಸು ನೆಲವಿರುವ ಎತ್ತರದ ಜಾಗದಲ್ಲಿ, ಬಾಯಿ ಕಿರಿದಾಗಿ ಒಡಲು ಹಿರಿದಾಗಿ ಅಗೆದು, ಸುತ್ತಲೂ ಒಣಹುಲ್ಲನ್ನು ಹೊದಿಸಿ, ಜೋಳವನ್ನು ತುಂಬಿ, ಬಾಯಿಗೆ ಕಲ್ಲುಹಾಸಿ ಮಣ್ಣು ಮುಚ್ಚಿಬಿಟ್ಟರೆ ಮೇಲೆ ನಡೆದಾಡುವವರಿಗೆ ಅಡಿಯಲ್ಲಿ ಧಾನ್ಯವಿದೆಯೆಂಬ ಸುಳಿವೂ ಸಿಕ್ಕದು. ಬರಗಾಲಕ್ಕೂ ದಂಡಿನ ಹಾವಳಿಗೂ ಇದು ಒಂದೇ ಉತ್ತರವಾಗಿದ್ದಿತು. ಬಳ್ಳಾರಿ, ರಾಯಚೂರು, ವಿಜಾಪುರದ ಸೀಮೆಗಳಲ್ಲಿ ದಂಡು ಹಾಯದ ಶತಮಾನವೇ ಅಪರೂಪವೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಹಗೇವಿನ ಗುಣ ಯಾವುದೋ ದೋಷವೂ ಅದೇ. ಮುಚ್ಚಿದ ಗುಂಡಿಯಲ್ಲಿ ಧಾನ್ಯವು ಉಸಿರಾಡುತ್ತದೆ. ಇದ್ದ ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಹುಳು ಬದುಕಲಾರದುದರಿಂದ ಜೋಳವು ಕೆಡದೆ ಉಳಿಯುತ್ತದೆ. ಆದರೆ ಅದೇ ಕಾರಣದಿಂದ ಒಳಗಿಳಿದ ಮನುಷ್ಯನೂ ಬದುಕಲಾರ. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ತಾನಾಗಿ ಮೇಲೇರಿ ಹೋಗುವುದಿಲ್ಲ. ಹಳಬರು ಹಗೇವಿನ ಬಾಯಿಯನ್ನು ತೆರೆದು ಸಾಕಷ್ಟು ಹೊತ್ತು ಬಿಟ್ಟು, ಹಗ್ಗದಲ್ಲಿ ದೀಪವನ್ನು ಇಳಿಬಿಟ್ಟು, ಅದು ನಂದದೆ ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಈ ಎಚ್ಚರವನ್ನು ಮರೆತಲ್ಲಿ ಒಬ್ಬನು ಬಿದ್ದನೆಂದು ಇನ್ನೊಬ್ಬನು ಇಳಿದು ಇಬ್ಬರೂ ಉಸಿರುಗಟ್ಟಿ ಹೋದ ಸಂಗತಿಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೇಳದವಲ್ಲ. ಕಣ್ಣಿಗೆ ಮರೆಯಾದ ಜಾಗವು ಗಾಳಿಗೂ ಮರೆಯಾಗುತ್ತದೆಂಬ ಈ ಸಂಗತಿಯನ್ನು ಇಂದಿನ ಪ್ಲೈವುಡ್ಡಿನ ಕುಶಲಿಗಳು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ.

ಶಾಸ್ತ್ರದ ಕಡೆಗೆ ತಿರುಗಿದರೆ, ಈ ವಿಷಯದ ಅತ್ಯಂತ ಹಳೆಯ ವಿವರಗಳಲ್ಲೊಂದು ಬೆಳಕು ಕಂಡುದು ಮೈಸೂರಿನಲ್ಲಿ. ಅಲ್ಲಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ 1905ರಲ್ಲಿ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರ ಮೊದಲನೆಯ ಅಧಿಕರಣದಲ್ಲಿ ಅರಸನ ಶಯ್ಯಾಗೃಹದ ಪ್ರಸ್ತಾಪ ಬರುತ್ತದೆ. ಗೋಡೆಯೊಳಗೆ ಗುಪ್ತಮಾರ್ಗಗಳಿರುವ ಮೋಹನಗೃಹ, ನೆಲದಡಿಯ ಮನೆ, ದೇವತಾಮೂರ್ತಿಯಿಂದ ಮುಚ್ಚಿದ ಅದರ ದ್ವಾರ, ಗೋಡೆಯಲ್ಲಡಗಿದ ಮೆಟ್ಟಿಲು, ಪೊಳ್ಳು ಕಂಬದೊಳಗಿನಿಂದ ಹೊರಬೀಳುವ ದಾರಿ ಇವೆಲ್ಲ ಅಲ್ಲಿ ಹೇಳಲ್ಪಟ್ಟಿವೆ. ಆಪತ್ತು ಬಂದಾಗ ಪಾರಾಗುವುದೇ ಇವುಗಳ ಉದ್ದೇಶ. ಆದುದರಿಂದ ಪ್ರತಿಯೊಂದರಲ್ಲಿಯೂ ಪ್ರವೇಶಕ್ಕಿಂತ ನಿರ್ಗಮನಕ್ಕೆ ಹೆಚ್ಚು ಗಮನವಿದೆ.

ಎರಡನೆಯ ಅಧಿಕರಣದಲ್ಲಿ ಭಂಡಾರದ ಅಧಿಕಾರಿಯಾದ ಸನ್ನಿಧಾತೃವಿನ ಕರ್ತವ್ಯಗಳನ್ನು ಹೇಳುವಾಗ ಬರುವ ಭೂಮಿಗೃಹದ ವರ್ಣನೆ ಇನ್ನೂ ಸ್ವಾರಸ್ಯವಾದುದು. ಚೌಕವಾಗಿ ಅಗೆದು, ಪಕ್ಕಗಳನ್ನೂ ತಳವನ್ನೂ ದೊಡ್ಡ ಕಲ್ಲುಚಪ್ಪಡಿಗಳಿಂದ ಕಟ್ಟಿ, ಒಳಗೆ ಸಾರವತ್ತಾದ ಮರದ ಪಂಜರವನ್ನಿಟ್ಟು, ಮೂರು ಅಂತಸ್ತು ಮಾಡಿ, ಒಂದೇ ಬಾಗಿಲು, ಯಂತ್ರವಿರುವ ಮೆಟ್ಟಿಲು ಇರಬೇಕು ಎಂದು ವಿಧಾನ. ಕಲ್ಲು, ಮರ, ಯಂತ್ರ ಇವೆಲ್ಲಕ್ಕೂ ಮೊದಲು ಒಂದು ನಿಯಮವಿದೆ: ನೀರಿನ ಪಸೆ ಒಸರದ ಜಾಗವಾಗಿರಬೇಕು. ನೆಲದಡಿಯಲ್ಲಿ ಕಟ್ಟುವವನ ಮೊದಲ ಶತ್ರು ಕಳ್ಳನಲ್ಲ, ತೇವವೆಂಬುದು ಆ ಗ್ರಂಥಕಾರನಿಗೆ ಚೆನ್ನಾಗಿ ತಿಳಿದಿದ್ದಿತು. ಅದೇ ಪ್ರಕರಣದಲ್ಲಿ, ಆಪತ್ಕಾಲಕ್ಕಾಗಿ ನಾಡಿನ ಗಡಿಯಲ್ಲಿ ಇಡಬೇಕಾದ ನಿಧಿಯ ಮನೆಯನ್ನು ಮರಣದಂಡನೆಗೆ ಗುರಿಯಾದವರಿಂದ ಕಟ್ಟಿಸಬೇಕೆಂದೂ ಹೇಳಿದೆ. ಕಾರಣವನ್ನು ಗ್ರಂಥವು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಗುಟ್ಟಿನ ಕೋಣೆಯನ್ನು ಕಟ್ಟಿಸಿದವನಿಗಿಂತ ಕಟ್ಟಿದವನಿಗೆ ಗುಟ್ಟು ಹೆಚ್ಚು ಗೊತ್ತಿರುತ್ತದೆ. ಈ ತೊಡಕಿಗೆ ಕೌಟಿಲ್ಯನ ಪರಿಹಾರವು ಇಂದು ಯಾರಿಗೂ ಒದಗುವಂಥದಲ್ಲವಾದರೂ ತೊಡಕು ಮಾತ್ರ ಹಾಗೆಯೇ ಉಳಿದಿದೆ: ಮಿಸ್ತ್ರಿಗೂ ಬಡಗಿಗೂ ತಿಳಿಯದ ಗುಪ್ತಕೋಣೆಯು ಈವರೆಗೆ ನಿರ್ಮಾಣವಾಗಿಲ್ಲ.

ಕೋಟೆ ಅರಮನೆಗಳ ಮಾತು ಇಲ್ಲಿ ಬೇಕಾಗಿಲ್ಲ. ಬೀದರಿನ ಕೋಟೆಯ ಹಜಾರ್ ಕೋಠ್ರಿಯೆಂಬ ನೆಲದಡಿಯ ಕೋಣೆಗಳನ್ನೂ ಹಂಪೆಯ ಅರಮನೆಯ ಆವರಣದಲ್ಲಿರುವ ನೆಲಮನೆಯನ್ನೂ ನೋಡಿಬಂದವರು ಅನೇಕರಿದ್ದಾರೆ. ಪ್ರಕೃತ ವಿಷಯಕ್ಕೆ ಹೆಚ್ಚು ಸಂಬಂಧಿಸಿದುದು ಗೃಹಸ್ಥರ ಮನೆ. ಅದರಲ್ಲಿಯೂ ದೆಹಲಿಯ ಮನೆ.

ದೆಹಲಿಯವರು ನೆಲದಡಿಗೆ ಇಳಿದುದು ಮೊದಲು ಗುಟ್ಟಿಗಾಗಿ ಅಲ್ಲ, ಬಿಸಿಲಿಗಾಗಿ. ಫ್ರೆಂಚ್ ವೈದ್ಯನಾದ ಬರ್ನಿಯೆ 1663ರ ಜುಲೈಯಲ್ಲಿ ಇಲ್ಲಿಂದ ಬರೆದ ಪತ್ರದಲ್ಲಿ, ಒಳ್ಳೆಯ ಮನೆಯೆನ್ನಿಸಿಕೊಳ್ಳಬೇಕಾದರೆ ಅಂಗಳ, ತೋಟ, ನೀರಿನ ಕೊಳಗಳೊಡನೆ ನೆಲದಡಿಯಲ್ಲಿ ದೊಡ್ಡ ಬೀಸಣಿಗೆಗಳಿರುವ ಕೋಣೆಗಳೂ ಇರಬೇಕೆಂದೂ, ನಡುಹಗಲಿನಿಂದ ಇಳಿಹೊತ್ತಿನವರೆಗೆ ಜನರು ಅಲ್ಲಿ ವಿಶ್ರಮಿಸುತ್ತಾರೆಂದೂ ವರ್ಣಿಸಿದ್ದಾನೆ. ಅದರ ಬದಲಿಗೆ ಖಸ್‌ಖಾನೆಯನ್ನು, ಎಂದರೆ ಲಾವಂಚದ ಬೇರಿನಿಂದ ಮಾಡಿ ನೀರು ಚಿಮುಕಿಸುವ ಮನೆಯನ್ನು, ಇಷ್ಟಪಡುವವರೂ ಇದ್ದರಂತೆ. ಇದೇ ತಹಖಾನೆಯ ಪದ್ಧತಿಯನ್ನು ಇಂಗ್ಲಿಷರೂ ಅನುಸರಿಸಿದರು; ಯಮುನೆಯ ದಡದ ಮೆಟ್‌ಕಾಫ್ ಬಂಗಲೆಯಲ್ಲಿ ಬೇಸಗೆಗೆಂದೇ ನೆಲದಡಿಯ ಕೋಣೆಗಳಿದ್ದವು. ಬೀಸಣಿಗೆಯ ಉಲ್ಲೇಖವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ತಂಪು ತಾನಾಗಿ ದೊರೆಯುತ್ತಿದ್ದಿತು. ಗಾಳಿಯನ್ನು ಮಾತ್ರ ಆಳಿಟ್ಟು ಬೀಸಿಸಬೇಕಾಗಿದ್ದಿತು.

ತಂಪಿನ ಕೋಣೆಯು ಗುಟ್ಟಿನ ಕೋಣೆಯಾದುದು 1857ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ನಗರವು ಮತ್ತೆ ಇಂಗ್ಲಿಷರ ವಶವಾದಾಗ ಷಾಜಹಾನಾಬಾದಿನ ನಿವಾಸಿಗಳು ಒಡವೆ ವಸ್ತುಗಳನ್ನು ಗೋಡೆಗಳಲ್ಲಿ ಹೂತು, ತಹಖಾನೆಗಳಲ್ಲಿ ತುಂಬಿ ಬಾಯಿಗೆ ಗಾರೆ ಬಳಿದು ಊರು ಬಿಟ್ಟರು. ಕವಿ ಗಾಲಿಬನ ಮನೆಯಲ್ಲಿ ನಡೆದುದನ್ನು ಆತನೇ ಬರೆದಿಟ್ಟಿದ್ದಾನೆ. ಅವನ ಪತ್ನಿ ಉಮ್ರಾವ್ ಬೇಗಂ ತನ್ನ ಒಡವೆಗಳನ್ನೂ ಬೆಲೆಬಾಳುವ ವಸ್ತುಗಳನ್ನೂ ಗಂಡನಿಗೆ ತಿಳಿಸದೆ ಕಾಲೇ ಸಾಹೇಬ್ ಎಂಬ ಗುರುವಿನ ಮನೆಗೆ ಸಾಗಿಸಿದ್ದಳು. ಅಲ್ಲಿ ಅವುಗಳನ್ನು ನೆಲಮಾಳಿಗೆಯಲ್ಲಿಟ್ಟು ಬಾಯಿಯನ್ನು ಮಣ್ಣಿನಿಂದ ಮುಚ್ಚಲಾಗಿದ್ದಿತು. ಸೈನಿಕರಿಗೆ ಲೂಟಿಯ ಅಪ್ಪಣೆಯಾದ ಮೇಲೆ ಅವಳು ಗಂಡನಿಗೆ ಗುಟ್ಟನ್ನು ಹೇಳಿದಳು. ಆಗ ಹೇಳಿ ಪ್ರಯೋಜನವೇನೂ ಉಳಿದಿರಲಿಲ್ಲ. ಎಲ್ಲವೂ ಸೈನಿಕರ ಪಾಲಾಯಿತು.

ಆ ದಿನಗಳಲ್ಲಿ ಲೂಟಿಯ ವಸ್ತುಗಳನ್ನು ಕ್ರಮವಾಗಿ ಸಂಗ್ರಹಿಸಲು ಪ್ರೈಜ್ ಏಜೆಂಟರೆಂಬ ಅಧಿಕಾರಿಗಳು ನೇಮಕವಾಗಿದ್ದರು. ಅವರಲ್ಲೊಬ್ಬನಾದ ಮ್ಯೂಟರನ ಪತ್ನಿ ತನ್ನ ನೆನಪುಗಳಲ್ಲಿ ಗಂಡನ ದಿನಚರಿಯನ್ನು ವಿವರಿಸಿದ್ದಾಳೆ. ಬೆಳಗಿನ ಉಪಾಹಾರವಾದೊಡನೆ ಗುದ್ದಲಿ, ಹಾರೆ, ಅಳತೆಯ ದಾರಗಳನ್ನು ಹಿಡಿದ ಕೂಲಿಗಳೊಡನೆ ಅವನು ಹೊರಡುತ್ತಿದ್ದನು. ನಿಧಿಯಿದೆಯೆಂದು ಸುಳಿವು ಸಿಕ್ಕ ಮನೆಯನ್ನು ಹೊಕ್ಕು, ಮೊದಲು ಮೇಲಿನ ಮಾಳಿಗೆಯನ್ನು ಅಳೆದು, ಅನಂತರ ಕೆಳಗಿನ ಕೋಣೆಗಳನ್ನು ಅಳೆದು, ಎರಡನ್ನೂ ಹೋಲಿಸುತ್ತಿದ್ದನು. ಎಲ್ಲಿ ಲೆಕ್ಕ ಕೂಡಲಿಲ್ಲವೋ ಅಲ್ಲಿ ಗೋಡೆಯನ್ನು ಒಡೆಯುತ್ತಿದ್ದರು. ಮುಚ್ಚಿದ ಕೋಣೆಯೋ ಗೂಡೋ ಇದ್ದರೆ ಸಿಕ್ಕಿಬೀಳುತ್ತಿದ್ದಿತು. ಇದಕ್ಕೆ ಮಂತ್ರವಾದಿಯೂ ಬೇಕಾಗಿರಲಿಲ್ಲ, ಗೂಢಚಾರನೂ ಬೇಕಾಗಿರಲಿಲ್ಲ. ಕೂಡುವುದು ಕಳೆಯುವುದು ಬಂದರೆ ಸಾಕಾಗಿದ್ದಿತು.

ಈ ಪ್ರಸಂಗವು ಇಂದು ಮರೆಯ ಕೋಣೆಯನ್ನು ಕಳ್ಳರ ಭಯದಿಂದ ಕಟ್ಟಿಸುವವರು ತಿಳಿದಿರತಕ್ಕದ್ದು. ಹನ್ನೆರಡಡಿಯ ಕೋಣೆಯಲ್ಲಿ ಎರಡಡಿಯನ್ನು ಹುಸಿಗೋಡೆಯ ಹಿಂದೆ ಕದ್ದುಕೊಂಡರೆ ಬಂದ ಅತಿಥಿಗೆ ತಿಳಿಯಲಾರದು. ಆದರೆ ಮಹಡಿಗೆ ಮಹಡಿ ಒಂದೇ ನಕ್ಷೆಯಿರುವ ಫ್ಲ್ಯಾಟುಗಳಲ್ಲಿ ಪಕ್ಕದ ಮನೆಯವನೇ ನಡೆದಾಡುವ ಅಳತೆಕೋಲು. ತನ್ನ ಮನೆಯಲ್ಲಿರುವ ಎರಡಡಿ ಇಲ್ಲೇಕಿಲ್ಲವೆಂದು ಅವನಿಗೆ ಹೊಳೆಯಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಸಾಕು. ಹೀಗಾಗಿ ಗುಪ್ತಸ್ಥಳದಿಂದ ದೊರೆಯುವುದು ಅಚ್ಚುಕಟ್ಟೇ ಹೊರತು ಅಭಯವಲ್ಲ. ಬಂಗಾರಕ್ಕೆ ಬ್ಯಾಂಕಿನ ಲಾಕರೇ ಲೇಸು. ಮನೆಯ ಮರೆಯು ರಜಾಯಿಗೂ ಗೊಂಬೆಗೂ ಪುಸ್ತಕಕ್ಕೂ ಒಪ್ಪುತ್ತದೆ. ಆದರೆ ಅಷ್ಟಕ್ಕೂ ಗೋಡೆ, ಭಾರ, ಗಾಳಿ, ನೀರು ಇವುಗಳ ಒಪ್ಪಿಗೆ ಬೇಕು.

ಗೋಡೆಯ ಮಾತನ್ನು ಮೊದಲು ನೋಡಬಹುದು. ದೆಹಲಿಯ ಹಳೆಯ ಮೂರು ನಾಲ್ಕು ಅಂತಸ್ತಿನ ಫ್ಲ್ಯಾಟುಗಳಲ್ಲಿ ಅನೇಕವು ಇಟ್ಟಿಗೆಯ ಗೋಡೆಯ ಮೇಲೆಯೇ ನಿಂತವು. ಅಲ್ಲಿ ಒಂಬತ್ತಂಗುಲದ ಗೋಡೆಯೆಂದರೆ ಮೇಲಿನ ಮನೆಗಳನ್ನೆಲ್ಲ ಹೊತ್ತ ಹೆಗಲು. ಅದನ್ನು ಅರ್ಧ ಕೊರೆದು ಗೂಡುಮಾಡಿದರೆ ಉಳಿಯುವುದು ನಾಲ್ಕೂವರೆ ಅಂಗುಲ. ಕಂಬ ತೊಲೆಗಳ ಚೌಕಟ್ಟಿನ ಮನೆಯಲ್ಲಿ ನಡುವಣ ನಾಲ್ಕೂವರೆ ಅಂಗುಲದ ಗೋಡೆಯು ಬರಿಯ ತೆರೆ. ಅದನ್ನು ತೆಗೆದರೂ ಕಟ್ಟಡವು ನಿಲ್ಲುತ್ತದೆ. ನೋಯ್ಡಾ ಗುರುಗ್ರಾಮಗಳ ಈಚಿನ ಎತ್ತರದ ಗೋಪುರಗಳಲ್ಲಿ ಅನೇಕ ಕಡೆ ಗೋಡೆಯೇ ಕಬ್ಬಿಣ ಸೇರಿದ ಕಾಂಕ್ರೀಟು, ಗೋಡೆಯೇ ಕಂಬ. ಅಲ್ಲಿ ಕೊರೆಯುವ ಮಾತನ್ನೇ ಎತ್ತಬಾರದು. ಭಾರತೀಯ ಮಾನಕದ 2016ರ ಆವೃತ್ತಿಯು ದೆಹಲಿಯನ್ನು ಭೂಕಂಪದ ನಾಲ್ಕನೆಯ ವಲಯದಲ್ಲಿ ಎಣಿಸಿದೆಯೆಂಬುದನ್ನು ನೆನೆದರೆ, ನೆರೆಯವರ ಹೆಗಲನ್ನು ಕೆತ್ತಿ ಸ್ವಂತ ಗೂಡು ಮಾಡಿಕೊಳ್ಳುವುದು ಎಂಥ ಕೆಲಸವೆಂದು ತಿಳಿಯುತ್ತದೆ.

ದೆಹಲಿ ಅಭಿವೃದ್ಧಿ ಪ್ರಾಧಿಕಾರವು ತನ್ನ ಫ್ಲ್ಯಾಟುಗಳಲ್ಲಿ ಮಾಡಿಕೊಳ್ಳಬಹುದಾದ ಬದಲಾವಣೆಗಳ ಪಟ್ಟಿಯೊಂದನ್ನು ಕೊಟ್ಟಿದೆ. ಅದರಲ್ಲಿ ಈ ವಿವೇಕವೇ ಅಡಕವಾಗಿದೆ. ಅರ್ಧ ಇಟ್ಟಿಗೆಯ ಗೋಡೆಯನ್ನು ತೆಗೆಯಬಹುದು. ಕೋಣೆಗಳಲ್ಲಿ ದುಛತ್ತಿ ಅಥವಾ ಹಲಗೆಗಳನ್ನು ಹಾಕಬಹುದು, ಆದರೆ ಗೋಡೆಯಲ್ಲಿ ಗಾಡಿ ಕೊರೆಯದೆ. ಎಂದರೆ ಉಗ್ರಾಣವು ಗೋಡೆಯ ಮುಂದೆ ನಿಲ್ಲಬಹುದು, ಗೋಡೆಯ ಒಳಗೆ ಹೋಗಬಾರದು. ದುಛತ್ತಿಗೂ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಲಕ್ಷಣವುಂಟು: ಎರಡು ನೆಲಗಳ ನಡುವಣ ಸಂಗ್ರಹದ ಸ್ಥಳ, ಎತ್ತರ 1.5 ಮೀಟರನ್ನು ಮೀರಬಾರದು, ಸ್ಥಿರವಾದ ಮೆಟ್ಟಿಲಿರಬಾರದು. ಮೆಟ್ಟಿಲನ್ನು ಇಟ್ಟೊಡನೆ ವಸ್ತುವಿನ ಹಿಂದೆಯೇ ಮನುಷ್ಯನೂ ಹತ್ತುತ್ತಾನೆ. ಕೆಲವು ದಿನಗಳಲ್ಲಿ ಅಲ್ಲೊಂದು ಹಾಸಿಗೆಯೂ ಬೀಳುತ್ತದೆ. ನಿಯಮವನ್ನು ಮಾಡಿದವರು ಮನುಷ್ಯಸ್ವಭಾವವನ್ನು ಬಲ್ಲವರು.

ಇನ್ನು ಭಾರ. ಪುಸ್ತಕಪ್ರಿಯರು ಈ ಭಾಗವನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕು. ಒಂದು ಮೀಟರ್ ಉದ್ದಕ್ಕೆ ನಿಲ್ಲಿಸಿದ ಪುಸ್ತಕಗಳು ಸುಮಾರು ಮೂವತ್ತು ಕಿಲೊ ತೂಗುತ್ತವೆ. ಆರು ಹಲಗೆಗಳಿದ್ದರೆ ಕಪಾಟಿನ ಪ್ರತಿ ಮೀಟರಿಗೆ 180 ಕಿಲೊ. ನಾಲ್ಕಡಿ ಅಗಲ ಆರಡಿ ಉದ್ದದ ಮರೆಯ ಕೋಣೆಯೊಂದನ್ನು ಮಾಡಿ, ಎರಡು ಕಡೆಯೂ ಗ್ರಂಥಗಳನ್ನು ಜೋಡಿಸಿ, ನಡುವೆ ಒಬ್ಬರು ನಿಲ್ಲುವಷ್ಟು ದಾರಿಯನ್ನು ಬಿಟ್ಟರೆ ಒಟ್ಟು ಭಾರವು 650 ಕಿಲೊವಿನಷ್ಟಾಗುತ್ತದೆ. ನೆಲದ ವಿಸ್ತೀರ್ಣವೋ ಎರಡು ಚದರ ಮೀಟರಿಗಿಂತ ತುಸು ಹೆಚ್ಚು. ಎಂದರೆ ಚದರ ಮೀಟರಿಗೆ 300 ಕಿಲೊ. ವಾಸದ ಕೋಣೆಯ ನೆಲಕ್ಕೆ ಭಾರತೀಯ ಮಾನಕವು ಲೆಕ್ಕಹಿಡಿಯುವುದು ಚದರ ಮೀಟರಿಗೆ ಸುಮಾರು 200 ಕಿಲೊ ಮಾತ್ರ. ಪುಸ್ತಕ ಭಂಡಾರದ ದಾಸ್ತಾನು ಕೋಣೆಗೆ ಅದೇ ಮಾನಕವು ಸುಮಾರು 600 ಕಿಲೊವನ್ನು ವಿಧಿಸಿರುವುದಕ್ಕೆ ಕಾರಣ ಇದೇ. ಗೋಡೆಗೆ ಒರಗಿದ ಒಂದು ಕಪಾಟಿನಿಂದ ಯಾವ ಮನೆಯೂ ಕುಸಿಯುವುದಿಲ್ಲ. ಕೋಣೆಯ ನಟ್ಟನಡುವೆ ಗ್ರಂಥಗಳ ಗುಹೆಯನ್ನು ಮಾಡುವ ಮೊದಲು ಮಾತ್ರ ಕಟ್ಟಡದ ಇಂಜಿನಿಯರೊಬ್ಬರನ್ನು ಕೇಳಬೇಕು, ಅಲಂಕಾರದ ಕುಶಲಿಯನ್ನಲ್ಲ.

ಕಪಾಟೇ ಬಾಗಿಲಾದಾಗಲೂ ಭಾರದ ಲೆಕ್ಕವೇ ಮುಖ್ಯ. ಮೂರಡಿ ಅಗಲದ ಪುಸ್ತಕದ ಕದವು ನೂರೈವತ್ತು ಕಿಲೊವನ್ನು ಸುಲಭವಾಗಿ ಮುಟ್ಟುತ್ತದೆ. ಸಾಮಾನ್ಯವಾದ ಮೂರು ಕೀಲುಗಳಿಂದ ಬಾಗಿಲವಾಡಕ್ಕೆ ತೂಗುಹಾಕಿದರೆ ವರ್ಷದೊಳಗೆ ಜೋತುಬಿದ್ದು ನೆಲವನ್ನು ಉಜ್ಜುತ್ತದೆ. ಉಜ್ಜಿದ ಗೆರೆಯು ಗುಟ್ಟನ್ನು ಎಲ್ಲರಿಗೂ ಸಾರುತ್ತದೆ. ಇದಕ್ಕೆ ಉಪಾಯವು ಹಳ್ಳಿಯ ಹಳೆಯ ಕದಗಳಲ್ಲಿಯೇ ಇದೆ. ಅವು ಪಕ್ಕದಲ್ಲಿ ತೂಗುತ್ತಿರಲಿಲ್ಲ. ಮೇಲೆ ಕೆಳಗೆ ಚಾಚಿದ ಗೂಟಗಳ ಮೇಲೆ, ಕಲ್ಲಿನ ಕುಳಿಯಲ್ಲಿ ತಿರುಗುತ್ತಿದ್ದವು. ಭಾರವನ್ನು ನೆಲವು ಹೊರುತ್ತಿದ್ದಿತು, ಗೋಡೆಯಲ್ಲ. ಇಂದಿನ ಕುಶಲಿಗಳು ಉಕ್ಕಿನಲ್ಲಿ ಮಾಡಿಸುವುದೂ ಇದೇ ತಿರುಗುಗೂಟವನ್ನೇ. ಮುಖ್ಯವಾದ ಇನ್ನೊಂದು ಸಂಗತಿಯೆಂದರೆ ಆ ಕದವು ಒಳಗಿನಿಂದಲೂ ಬರಿಗೈಯಲ್ಲಿ, ಕತ್ತಲಲ್ಲಿ, ವಿದ್ಯುತ್ತಿಲ್ಲದೆ ತೆರೆಯುವಂತಿರಬೇಕು. ಮಕ್ಕಳಿರುವ ಮನೆಯಲ್ಲಿ ಕಣ್ಣಾಮುಚ್ಚಾಲೆಯೆಂಬ ಆಟವಿರುತ್ತದೆ.

ಗಾಳಿ ಮತ್ತು ಪಸೆಗೆ ಸಂಬಂಧಿಸಿದ ಕ್ರಮಗಳು ಸರಳವಾದುವು, ಅಗ್ಗವಾದುವು, ಬಹುಮಟ್ಟಿಗೆ ಕಡೆಗಣಿಸಲ್ಪಟ್ಟುವು. ಮರದ ಹಿಂಬದಿಯು ಗೋಡೆಗೆ ಅಂಟದೆ ಒಂದಂಗುಲ ದೂರವಿರಬೇಕು. ಕದದ ಬುಡದಲ್ಲಿಯೂ ನೆತ್ತಿಯಲ್ಲಿಯೂ ಗಾಳಿ ಆಡುವಂತೆ ಸಂದುಗಳಿರಬೇಕು. ಸೀಲನ್ ಏರುವ ನೆಲಮಹಡಿಯ ಗೋಡೆಗೂ ಬಚ್ಚಲಿನ ಗೋಡೆಗೂ ಉಗ್ರಾಣವನ್ನು ಹೊಂದಿಸಲೇಬಾರದು. ಗೆದ್ದಲಿಗೆ ಮರೆಗಿಂತ ಪ್ರಿಯವಾದುದು ಬೇರೊಂದಿಲ್ಲ. ನೀರಿನ ಕೀಲಿ, ವಿದ್ಯುತ್ತಿನ ಪೆಟ್ಟಿಗೆ, ಅನಿಲದ ಕೊಳವೆ ಇವು ಹುಸಿಗೋಡೆಯ ಹಿಂದೆ ಸೇರಬಾರದು. ಅದರಲ್ಲಿಯೂ ದೆಹಲಿಯ ಮನೆಮನೆಯಲ್ಲಿರುವ ಇನ್ವರ್ಟರಿನ ಸೀಸದ ಬ್ಯಾಟರಿಯು ವಿದ್ಯುತ್ತನ್ನು ತುಂಬಿಕೊಳ್ಳುವಾಗ ಜಲಜನಕವನ್ನು ಹೊರಬಿಡುತ್ತದೆ. ನೋಟಕ್ಕೆ ಅಂದವಲ್ಲವೆಂದು ಅದನ್ನು ಮುಚ್ಚಿದ ಕಪಾಟಿಗೆ ನೂಕುವುದು, ದೀಪವನ್ನು ಇಳಿಸಿ ನೋಡದೆ ಹಗೇವಿಗೆ ಇಳಿಯುವುದಕ್ಕಿಂತ ಹೆಚ್ಚಿನ ಜಾಣತನವಲ್ಲ.

ನೆಲದಡಿಯ ಕೋಣೆಯ ವಿಚಾರವೇ ಎಲ್ಲಕ್ಕಿಂತ ಗುರುತರವಾದುದು. ಇಂದಿನ ಬೇಸ್‌ಮೆಂಟು ಹಿಂದಿನ ತಹಖಾನೆಯ ವಂಶದ್ದೇ. ರಾಷ್ಟ್ರೀಯ ಸಂಹಿತೆಯು ಅದಕ್ಕೆ ಕನಿಷ್ಠ 2.4 ಮೀಟರ್ ಎತ್ತರವನ್ನೂ, ಚಾವಣಿಯು ಸುತ್ತಣ ನೆಲದಿಂದ 0.9 ಮೀಟರಿನಷ್ಟಾದರೂ ಮೇಲೆದ್ದಿರಬೇಕೆಂಬುದನ್ನೂ, ಸಾಕಷ್ಟು ಗಾಳಿಯನ್ನೂ, ಬೀದಿಯ ನೀರು ಒಳನುಗ್ಗದ ಏರ್ಪಾಡನ್ನೂ ವಿಧಿಸುತ್ತದೆ. ಸುಲಭವಾಗಿ ಉರಿಯದ ಗೃಹಸಾಮಗ್ರಿ, ಭದ್ರಕೋಣೆ, ವಾಹನಗಳ ನಿಲುಗಡೆ, ಪುಸ್ತಕ ಭಂಡಾರದ ದಾಸ್ತಾನು ಮೊದಲಾದ ಉಪಯೋಗಗಳನ್ನು ಅದು ಒಪ್ಪುತ್ತದೆ. ಪುಸ್ತಕಗಳು ಇರಬಹುದು, ಓದುಗರು ಕುಳಿತಿರಬಾರದು ಎಂಬ ಈ ಭೇದವು ಕಾಗದದಲ್ಲಿ ನೋಡಿದಾಗ ವಿಚಿತ್ರವೆನಿಸೀತು.

2024ರ ಜುಲೈ 27ರ ಸಂಜೆ ಓಲ್ಡ್ ರಾಜೇಂದ್ರ ನಗರದಲ್ಲಿ ಆ ಭೇದದ ಅರ್ಥವು ಪ್ರಕಟವಾಯಿತು. ಕೇಂದ್ರ ಲೋಕಸೇವೆಯ ಪರೀಕ್ಷೆಗೆಂದು ದೇಶದ ಎಲ್ಲ ಕಡೆಗಳಿಂದ, ಕನ್ನಡನಾಡಿನಿಂದಲೂ, ತರುಣ ತರುಣಿಯರು ಬಂದು ತಂಗುವ ಬಡಾವಣೆ ಅದು. ಅಲ್ಲಿನ ಕಟ್ಟಡವೊಂದರ ಬೇಸ್‌ಮೆಂಟಿಗೆ ನಕ್ಷೆಯಲ್ಲಿ ದೊರೆತಿದ್ದ ಒಪ್ಪಿಗೆಯು ಸಾಮಗ್ರಿಯನ್ನು ಇಡುವುದಕ್ಕೂ ವಾಹನಗಳನ್ನು ನಿಲ್ಲಿಸುವುದಕ್ಕೂ ಮಾತ್ರ. ಆದರೆ ಅದು ವಾಚನಾಲಯವಾಗಿ ನಡೆಯುತ್ತಿದ್ದಿತು. ಮಳೆ ಸುರಿದು ಬೀದಿಯಲ್ಲಿ ನಿಂತ ನೀರು ಒಮ್ಮೆಗೇ ಕೆಳಕ್ಕೆ ನುಗ್ಗಿತು. ಹಲವರು ಹೇಗೋ ಹೊರಬಿದ್ದರು. ಮೂವರು ವಿದ್ಯಾರ್ಥಿಗಳು ಅಲ್ಲಿಯೇ ಮುಳುಗಿ ಮಡಿದರು. ಅನಂತರ ನಗರಪಾಲಿಕೆಯು ಅನೇಕ ಬೇಸ್‌ಮೆಂಟುಗಳಿಗೆ ಬೀಗಮುದ್ರೆ ಹಾಕಿತು. ತನಿಖೆಯು ಕೇಂದ್ರ ತನಿಖಾ ದಳಕ್ಕೆ ಹೋಯಿತು. ಅಲ್ಲಿ ಯಾರೂ ಗುಪ್ತಕೋಣೆಯನ್ನು ಕಟ್ಟಿರಲಿಲ್ಲವೆಂದು ವಾದಿಸಬಹುದು. ಬೀದಿಯಲ್ಲಿ ಹೋಗುವವರಿಗೆ ಅದು ಗುಪ್ತವಲ್ಲ, ನಿಜ. ಆದರೆ ಕಾಗದದ ಮೇಲೆ ಒಂದು, ನೆಲದಡಿಯಲ್ಲಿ ಇನ್ನೊಂದು ಇದ್ದಾಗ, ಆ ಕೋಣೆಯು ಅಧಿಕಾರಿಗಳ ಲೆಕ್ಕಕ್ಕೆ ಮರೆಯಾದುದೇ ಸರಿ; ಅಲ್ಲಿ ಜನರಿದ್ದಾರೆಂಬ ಎಣಿಕೆಯೇ ನಕ್ಷೆಯಲ್ಲಿ ಇರುವುದಿಲ್ಲ. ಗೃಹಸ್ಥನೊಬ್ಬನು ಉಗ್ರಾಣವೆಂದು ತೋರಿಸಿದ ಜಾಗದಲ್ಲಿ ಮಗನ ಓದಿನ ಮೇಜನ್ನು ಹಾಕಿದಾಗ ನಡೆಯುವುದೂ ಇದೇ.

ಹೀಗೆ ಪ್ರಶ್ನೆಯು ಇಟ್ಟಿಗೆಯಿಂದ ಹೊರಟು ಕಾಗದಕ್ಕೆ ಬಂದು ನಿಲ್ಲುತ್ತದೆ. ನಕ್ಷೆಯ ಬೆಲೆಯೇನೆಂಬುದಕ್ಕೆ ತುಸು ಹಗುರವಾದ ಉದಾಹರಣೆಯೂ ದೆಹಲಿಯಲ್ಲಿ ದೊರೆಯುತ್ತದೆ. ಈಗ ವಿಧಾನಸಭೆಯಿರುವ ಹಳೆಯ ಸೆಕ್ರೆಟೇರಿಯಟ್ ಕಟ್ಟಡವು 1912ರದು. 2021ರ ಸೆಪ್ಟೆಂಬರಿನಲ್ಲಿ ಅಲ್ಲಿ ಸುರಂಗದಂಥ ಬಾಯಿಯೊಂದು ಕಂಡಿತೆಂದೂ ಅದು ಕೆಂಪುಕೋಟೆಗೆ ಹೋಗುವುದೆಂದೂ ಅಂದಿನ ಸಭಾಧ್ಯಕ್ಷರು ಹೇಳಿದರು; ಅದೇ ಕಟ್ಟಡದ ಮರೆಯ ಕೋಣೆಯೊಂದು ಸ್ವಾತಂತ್ರ್ಯಯೋಧರ ಫಾಂಸೀ ಘರ್ ಎಂದು ಪ್ರಸಿದ್ಧವಾಯಿತು. 2025ರ ಆಗಸ್ಟಿನಲ್ಲಿ ಮುಂದಿನ ಸಭಾಧ್ಯಕ್ಷರು 1912ರ ನಕ್ಷೆಯನ್ನು ಸದನದ ಮುಂದಿಟ್ಟು, ಅದು ಊಟದ ಡಬ್ಬಿಗಳನ್ನು ಮೇಲಕ್ಕೆ ಸಾಗಿಸುತ್ತಿದ್ದ ಟಿಫಿನ್ ಕೋಣೆಯೆಂದರು. ವಾಗ್ವಾದವು ರಾಜಕೀಯವಾಗಿ ಬೆಳೆಯಿತು, ಅದಿರಲಿ. ನೂರು ವರ್ಷ ಕಳೆಯುವುದರೊಳಗೆ, ಕಾಗದವು ಕಣ್ಮರೆಯಾದರೆ, ಒಂದು ಕೋಣೆಯಲ್ಲಿ ಅನ್ನವಿದ್ದಿತೋ ನೇಣಿದ್ದಿತೋ ಎಂಬುದೇ ವಿವಾದವಾಗಬಲ್ಲುದು.

ಮನೆಗಳ ವಿಷಯದಲ್ಲಿ ಇದಕ್ಕೆ ನೂರು ವರ್ಷವೂ ಬೇಕಾಗುವುದಿಲ್ಲ. ದೆಹಲಿಯ ಅನೇಕ ಕನ್ನಡ ಕುಟುಂಬಗಳಲ್ಲಿ ಈಗ ಉಳಿದಿರುವವರು ವೃದ್ಧ ದಂಪತಿಗಳಿಬ್ಬರು. ಮಕ್ಕಳಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಸಮುದ್ರದಾಚೆ. ಯಜಮಾನನು ನಿವೃತ್ತಿಯ ಹಣದಿಂದ ಮನೆಯನ್ನು ಹೊಸದು ಮಾಡಿಸುವಾಗ ತನ್ನ ಅನುಕೂಲಕ್ಕೆ ತಕ್ಕಂತೆ ಅಲ್ಲೊಂದು ಗೂಡು, ಇಲ್ಲೊಂದು ಹುಸಿತಳದ ಪೆಟ್ಟಿಗೆ, ದೇವರ ಮಂಟಪದ ಪೀಠದೊಳಗೆ ಒಂದು ಸೆಳೆಖಾನೆ ಮಾಡಿಸಿರುತ್ತಾನೆ. ಹೆಂಡತಿಗೆ ಹೇಳಬೇಕೆಂದಿರುತ್ತಾನೆ. ಉಮ್ರಾವ್ ಬೇಗಂ ಗಂಡನಿಗೆ ಹೇಳಿದಂತೆ ಹೊತ್ತು ಮೀರಿದ ಮೇಲೆ ಹೇಳುವ ಅವಕಾಶವೂ ಎಲ್ಲರಿಗೆ ದೊರೆಯುವುದಿಲ್ಲ. ಪಾರ್ಶ್ವವಾಯುವು ಎಷ್ಟೋ ವೇಳೆ ಮಾತನ್ನೇ ಕಸಿದುಕೊಳ್ಳುತ್ತದೆ. ಮುಂದೆ ಮನೆಯನ್ನು ಮಾರಿದಾಗ ಕೊಂಡವನ ಕೂಲಿಯಾಳು ಹಲಗೆಯನ್ನು ಕೀಳುತ್ತಾನೆ. ಒಳಗಿದ್ದುದು ಒಡವೆಯಾದರೆ ಯಾರಿಗೋ ಲಾಭ. ಅಜ್ಜಿಯ ಕೈಬರಹದ ಹಾಡಿನ ಪುಸ್ತಕವೋ ಊರಿನ ಜಮೀನಿನ ಪತ್ರವೋ ಆದರೆ ಕಬಾಡಿಯವನ ತಕ್ಕಡಿಗೆ.

ಆದುದರಿಂದ ಮರೆಯನ್ನು ಮಾಡಿಸುವವರು ಕೆಲಸವು ಮುಗಿದ ದಿನವೇ ಒಂದು ಹಾಳೆಯಲ್ಲಿ ಮನೆಯ ನಕ್ಷೆಯನ್ನು ಬರೆದು, ಪ್ರತಿಯೊಂದು ಮರೆಯನ್ನೂ ಅದರ ಕೀಲನ್ನೂ ಗುರುತಿಸಿ, ಹುಸಿಗೋಡೆಯ ಹಿಂದೆ ಹಾಯುವ ತಂತಿ ಕೊಳವೆಗಳ ಜಾಡನ್ನೂ ತೋರಿಸಿ, ದಿನಾಂಕವನ್ನು ಹಾಕುವುದು ಉಚಿತ. ಒಂದು ಪ್ರತಿಯು ಮನೆಯ ಕ್ರಯಪತ್ರದೊಡನೆಯೋ ಮೃತ್ಯುಪತ್ರದೊಡನೆಯೋ ಇರಬೇಕು. ಇನ್ನೊಂದು ಪ್ರತಿಯು ಆ ಮನೆಯಲ್ಲಿ ವಾಸವಿಲ್ಲದ, ಆದರೆ ನಂಬಬಹುದಾದ ಒಬ್ಬರ ಬಳಿ ಇರಬೇಕು. ಊರಿನಲ್ಲಿರುವ ಮಗಳೋ ತಮ್ಮನೋ ಆದರೆ ಇನ್ನೂ ಒಳಿತು. ಮುಂದಿನ ಬಾರಿ ಅವರು ದೆಹಲಿಗೆ ಬಂದಾಗ ಕಾಗದವನ್ನು ಅವರ ಕೈಯಲ್ಲಿ ಕೊಟ್ಟು, ಕದವನ್ನು ಅವರಿಂದಲೇ ಒಮ್ಮೆ ತೆರೆಸಿ ಮುಚ್ಚಿಸಿ ನೋಡಬೇಕು. ಮೊದಲನೆಯ ಪ್ರತಿಯನ್ನು ಆ ಮರೆಯ ಕೋಣೆಯೊಳಗೇ ಭದ್ರವಾಗಿಟ್ಟು ನಿಶ್ಚಿಂತರಾದವರೂ ಇದ್ದಾರೆ.